ಮೂರು ಜಾಗ, ಐದು ಸಾಧನ: ಎಫ್‌ಟಿಎಲ್ ಆಟದಲ್ಲಿ ಶತ್ರುವಿನ ಪ್ರತಿತಂತ್ರಕ್ಕೆ ತಕ್ಕ ಆಯ್ಕೆ

ಸಬ್‌ಸೆಟ್ ಗೇಮ್ಸ್ ಎಂಬ ಪುಟ್ಟ ತಂಡವು 2012ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ 'ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್' ಆಟವನ್ನು ಆಡಿದವರಿಗೆ, ಅದರ ನಿಜವಾದ ಕಷ್ಟ ಇರುವುದು ಗುರಿಯಿಡುವುದರಲ್ಲಿ ಅಲ್ಲ, ಅಂಗಡಿಯ ಮುಂದೆ ನಿಂತು ನಿರ್ಧಾರ ಮಾಡುವುದರಲ್ಲಿ ಎಂಬುದು ಗೊತ್ತಿರುತ್ತದೆ. ಒಂದು ಬಾಹ್ಯಾಕಾಶ ಹಡಗು, ಎಂಟು ವಲಯಗಳ ಪ್ರಯಾಣ, ಹಿಂದಿನಿಂದ ಅಟ್ಟಿಕೊಂಡು ಬರುವ ಬಂಡುಕೋರರ ಪಡೆ, ಕೊನೆಗೆ ಮೂರು ಹಂತಗಳಲ್ಲಿ ಎದುರಾಗುವ ಅವರ ಬೃಹತ್ ನಾಯಕಹಡಗು, ಅಂದರೆ ಫ್ಲ್ಯಾಗ್‌ಶಿಪ್. ಹಡಗು ಒಮ್ಮೆ ಒಡೆದರೆ ಆಟ ಮೊದಲಿನಿಂದ. ಹೀಗಿರುವಾಗ ತಪ್ಪು ಸಾಧನಕ್ಕೆ ಸುರಿದ ಸ್ಕ್ರ್ಯಾಪ್ (ಈ ಆಟದ ಹಣ), ಎರಡು ಗಂಟೆಯ ಬಳಿಕ ಸೋಲಾಗಿ ತಿರುಗಿ ಬರುತ್ತದೆ.

2014ರ ಏಪ್ರಿಲ್‌ನಲ್ಲಿ ಉಚಿತವಾಗಿ ಸೇರಿಸಲಾದ ಅಡ್ವಾನ್ಸ್‌ಡ್ ಎಡಿಷನ್ ಈ ನಿರ್ಧಾರವನ್ನು ಇನ್ನಷ್ಟು ಬಿಗಿ ಮಾಡಿತು. ಆಟದ ಹಡಗಿನಲ್ಲಿ ಮುಖ್ಯ ವ್ಯವಸ್ಥೆಗಳಿಗೆ ಇರುವ ಜಾಗ ಎಂಟು ಮಾತ್ರ. ಶೀಲ್ಡ್, ಎಂಜಿನ್, ಆಮ್ಲಜನಕ, ಆಯುಧ ಹಾಗೂ ಮೆಡ್‌ಬೇ (ಗಾಯಾಳುಗಳನ್ನು ಗುಣಪಡಿಸುವ ಕೋಣೆ) ಅಥವಾ ಕ್ಲೋನ್‌ಬೇ (ಸತ್ತವರನ್ನು ಮರುಸೃಷ್ಟಿಸುವ ಕೋಣೆ) ಸೇರಿ ಐದು ಜಾಗ ತುಂಬುತ್ತವೆ. ಉಳಿಯುವ ಮೂರು ಜಾಗಗಳಿಗೆ ಐದು ಅಭ್ಯರ್ಥಿಗಳಿದ್ದಾರೆ: ನಮ್ಮ ಹಡಗನ್ನು ಮರೆಮಾಡುವ ಕ್ಲೋಕಿಂಗ್, ಶತ್ರುವಿನ ವ್ಯವಸ್ಥೆಯನ್ನು ಕೆಡಿಸುವ ಹ್ಯಾಕಿಂಗ್, ಅವನ ಸಿಬ್ಬಂದಿಯ ಮನಸ್ಸನ್ನು ಹಿಡಿಯುವ ಮೈಂಡ್ ಕಂಟ್ರೋಲ್, ನಮ್ಮವರನ್ನು ಅವನ ಹಡಗಿಗೆ ಕಳುಹಿಸುವ ಸಿಬ್ಬಂದಿ ಟೆಲಿಪೋರ್ಟರ್ ಮತ್ತು ಡ್ರೋನ್‌ಗಳನ್ನು ಹಾರಿಸುವ ಡ್ರೋನ್ ಕಂಟ್ರೋಲ್. ಆಟಗಾರ ಆಯ್ದುಕೊಳ್ಳಬಹುದಾದ ಫೆಡರೇಷನ್ ಹಡಗಿನಲ್ಲಿ ಆರ್ಟಿಲರಿಯೇ (ಹಡಗಿಗೇ ಜೋಡಿಸಿದ ದೊಡ್ಡ ಆಯುಧ) ಒಂದು ಜಾಗವನ್ನು ಹಿಡಿದಿರುವುದರಿಂದ ಅಲ್ಲಿ ಆಯ್ಕೆ ಇನ್ನೂ ಇಕ್ಕಟ್ಟಿನದು. ಪೈಲಟಿಂಗ್, ಸೆನ್ಸರ್, ಬಾಗಿಲು, ಬ್ಯಾಟರಿಗಳು ಉಪವ್ಯವಸ್ಥೆಗಳಾದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ.

ಈ ಐದರಲ್ಲಿ ಯಾವುದು ಹೆಚ್ಚು ಬಲಶಾಲಿ ಎಂದು ಕೇಳುವುದು ಸಹಜ. ಆದರೆ ಆ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ದೂರ ಕರೆದುಕೊಂಡು ಹೋಗುವುದಿಲ್ಲ ಎಂಬುದು ನನ್ನ ಅನುಭವ. ಪ್ರತಿಯೊಂದು ಸಾಧನಕ್ಕೂ ಶತ್ರುವಿನ ಬಳಿ ಒಂದು ಬೀಗವಿದೆ. ಕೆಲವು ಬೀಗಗಳು ಒಂದೇ ಏಟಿಗೆ ಎರಡು ಮೂರು ಸಾಧನಗಳನ್ನು ನಿಷ್ಪ್ರಯೋಜಕ ಮಾಡುತ್ತವೆ. ಆದ್ದರಿಂದ ಸಾಧನವನ್ನು ತೂಗಬೇಕಾದುದು ಅದು ಏನು ಮಾಡಬಲ್ಲದು ಎಂಬುದರಿಂದಷ್ಟೇ ಅಲ್ಲ, ಅದನ್ನು ಯಾವುದು ತಡೆಯಬಲ್ಲದು, ತಡೆದಾಗ ನಮ್ಮ ಕೈಯಲ್ಲಿ ಇನ್ನೇನು ಉಳಿದಿರುತ್ತದೆ ಎಂಬುದರಿಂದಲೂ. ಮೂರೂ ಸಾಧನಗಳಿಗೆ ಒಂದೇ ಬೀಗ ಬೀಳುವಂತಿದ್ದರೆ ಆ ಹಡಗು ಎಷ್ಟೇ ಬಲಿಷ್ಠವಾಗಿ ಕಂಡರೂ ಅದರ ಬುಡ ಟೊಳ್ಳು.

ಮೊದಲು ಬೀಗಗಳ ಪರಿಚಯ

ಎಲ್ಲಕ್ಕಿಂತ ದೊಡ್ಡ ಬೀಗ ಜೋಲ್ಟನ್ ಶೀಲ್ಡ್. ಜೋಲ್ಟನ್ ಜನಾಂಗದ ಹಡಗುಗಳ ಸುತ್ತ ಕಾಣಿಸುವ ಈ ಹಸಿರು ಕವಚ ಸಾಮಾನ್ಯ ಶೀಲ್ಡಿಗಿಂತ ಹೊರಗೆ ಇರುತ್ತದೆ. ಅದು ಕರಗುವವರೆಗೂ ಕ್ಷಿಪಣಿಯೂ ಒಳಗೆ ಹೋಗದು, ಹ್ಯಾಕಿಂಗ್ ಡ್ರೋನ್ ಅಂಟಿಕೊಳ್ಳದು, ಸಿಬ್ಬಂದಿಯನ್ನು ಕಳುಹಿಸಲಾಗದು, ಯಾರ ಮನಸ್ಸನ್ನೂ ಹಿಡಿಯಲಾಗದು. ಅಂದರೆ ಐದು ಸಾಧನಗಳಲ್ಲಿ ಮೂರು ಆ ಹೊತ್ತಿಗೆ ಕೈಕಟ್ಟಿ ಕೂರುತ್ತವೆ.

ಎರಡನೆಯದು ಡಿಫೆನ್ಸ್ ಡ್ರೋನ್. ಇದರ ಮೊದಲ ಮಾದರಿಯು ಹಾರಿ ಬರುವ ಕ್ಷಿಪಣಿಗಳನ್ನಷ್ಟೇ ಅಲ್ಲ, ಹ್ಯಾಕಿಂಗ್ ಡ್ರೋನನ್ನೂ ದಾರಿಯಲ್ಲೇ ಹೊಡೆದುರುಳಿಸಬಲ್ಲದು. ಎರಡನೆಯ ಮಾದರಿ ಲೇಸರ್ ಗುಂಡುಗಳನ್ನೂ ಬಿಡುವುದಿಲ್ಲ. ಮೂರನೆಯದು ಶತ್ರುವಿನ ಸ್ವಂತ ಕ್ಲೋಕಿಂಗ್. ನಾಲ್ಕನೆಯದು ಸಿಬ್ಬಂದಿಯೇ ಇಲ್ಲದ ಸ್ವಯಂಚಾಲಿತ ಹಡಗು: ಅಲ್ಲಿ ಹಿಡಿಯಲು ಮನಸ್ಸೂ ಇಲ್ಲ, ಉಸಿರಾಡಲು ಗಾಳಿಯೂ ಇಲ್ಲ. ಐದನೆಯದು ಸ್ಲಗ್ ಜನಾಂಗ, ಅವರ ಮೇಲೆ ಮೈಂಡ್ ಕಂಟ್ರೋಲ್ ನಡೆಯುವುದಿಲ್ಲ. ಇವುಗಳ ಜೊತೆಗೆ ಪರಿಸರದ ತೊಡಕುಗಳಿವೆ. ನೆಬ್ಯುಲಾದಲ್ಲಿ (ಅನಿಲದ ಮೋಡದಲ್ಲಿ) ಸೆನ್ಸರ್ ಸತ್ತು ಶತ್ರುಹಡಗಿನ ಒಳಭಾಗ ಕಾಣುವುದಿಲ್ಲ. ಪ್ಲಾಸ್ಮಾ ಬಿರುಗಾಳಿಯಲ್ಲಿ ರಿಯಾಕ್ಟರ್‌ನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಈ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಸಾಧನವನ್ನು ನೋಡೋಣ.

ಹ್ಯಾಕಿಂಗ್: 80 ಸ್ಕ್ರ್ಯಾಪ್‌ಗೆ ಸಿಗುವ ಅತಿ ಹೆಚ್ಚು ಬೆಲೆಯ ವಸ್ತು

ಹ್ಯಾಕಿಂಗ್‌ನ ಬೆಲೆ 80 ಸ್ಕ್ರ್ಯಾಪ್. ಕಾಳಗದ ಆರಂಭದಲ್ಲಿ ಒಂದು ಡ್ರೋನ್ ಪಾರ್ಟ್ ಖರ್ಚು ಮಾಡಿ ಶತ್ರುವಿನ ಯಾವುದಾದರೊಂದು ವ್ಯವಸ್ಥೆಯ ಮೇಲೆ ಡ್ರೋನ್ ಅಂಟಿಸಬೇಕು. ಅದು ಅಂಟಿಕೊಂಡ ಕ್ಷಣದಿಂದ ಆ ಕೋಣೆ ನಮ್ಮ ಕಣ್ಣಿಗೆ ಕಾಣುತ್ತದೆ, ನೆಬ್ಯುಲಾದಲ್ಲಿದ್ದರೂ ಸರಿ; ಜೊತೆಗೆ ಆ ಕೋಣೆಯ ಬಾಗಿಲುಗಳು ಶತ್ರುವಿನ ಸಿಬ್ಬಂದಿಗೇ ಬಿಗಿಯಾಗುತ್ತವೆ. ಆ ಬಳಿಕ ನಾವು ಗುಂಡಿ ಒತ್ತಿದಾಗ ಮೊದಲ ಮಟ್ಟದಲ್ಲಿ 4, ಎರಡನೆಯದರಲ್ಲಿ 7, ಮೂರನೆಯದರಲ್ಲಿ 10 ಸೆಕೆಂಡುಗಳ ಕಾಲ ಆ ವ್ಯವಸ್ಥೆ ತನ್ನ ಯಜಮಾನನಿಗೇ ತಿರುಗಿಬೀಳುತ್ತದೆ.

ಈ ಸಾಧನದ ನಿಜವಾದ ಸೊಗಸು ಇರುವುದು ಅದರ ಬಹುರೂಪದಲ್ಲಿ. ಶೀಲ್ಡ್ ಮೇಲೆ ಅಂಟಿಸಿದರೆ ಪದರಗಳು ಒಂದೊಂದಾಗಿ ಬರಿದಾಗುತ್ತವೆ. ಆಯುಧದ ಕೋಣೆಗೆ ಅಂಟಿಸಿದರೆ ತುಂಬಿಕೊಂಡಿದ್ದ ಚಾರ್ಜ್ ಹಿಂದಕ್ಕೆ ಇಳಿಯುತ್ತದೆ. ಪೈಲಟಿಂಗ್ ಅಥವಾ ಎಂಜಿನ್‌ಗೆ ಅಂಟಿಸಿದರೆ ತಪ್ಪಿಸಿಕೊಳ್ಳುವ ಸಾಮರ್ಥ್ಯ ಶೂನ್ಯಕ್ಕೆ ಬರುತ್ತದೆ. ಮೆಡ್‌ಬೇಗೆ ಅಂಟಿಸಿದರೆ ಗುಣಪಡಿಸಬೇಕಾದ ಕೋಣೆಯೇ ಒಳಗಿದ್ದವರನ್ನು ಕೊಲ್ಲತೊಡಗುತ್ತದೆ. ಕ್ಲೋಕಿಂಗ್‌ಗೆ ಅಂಟಿಸಿದರೆ ಶತ್ರು ಮರೆಯಾಗಲಾರ. ಅಂದರೆ ಎದುರಿನವನ ಪ್ರತಿತಂತ್ರ ಯಾವುದೋ ಅದರ ಮೇಲೆಯೇ ನೇರವಾಗಿ ಕೈಹಾಕುವ ಸ್ವಾತಂತ್ರ್ಯ ಈ ಒಂದು ಸಾಧನಕ್ಕೆ ಮಾತ್ರ ಇದೆ.

ಹೊಸಬರು ಸಾಮಾನ್ಯವಾಗಿ ಪ್ರತಿ ಕಾಳಗದಲ್ಲೂ ಶತ್ರುವಿನ ಆಯುಧದ ಮೇಲೆಯೇ ಡ್ರೋನ್ ಕಳುಹಿಸುತ್ತಾರೆ, ಏಕೆಂದರೆ ಹೊಡೆತದ ಭಯ ಮೊದಲು ಬರುತ್ತದೆ. ನನ್ನ ಸಲಹೆ ಬೇರೆ. ನಮ್ಮ ಬಳಿ ಲೇಸರ್ ಜೊತೆಗೆ, ಶತ್ರುಹಡಗಿನ ಮೇಲೆ ಗೆರೆ ಎಳೆದಂತೆ ಸುಡುವ ಬೀಮ್ ಇದ್ದರೆ ಶೀಲ್ಡನ್ನೇ ಹಿಡಿಯಬೇಕು. ಬೀಮ್ ಎಂದಿಗೂ ಗುರಿ ತಪ್ಪುವುದಿಲ್ಲ, ಆದರೆ ಶೀಲ್ಡಿನ ಪ್ರತಿ ಪದರವೂ ಅದರ ಹೊಡೆತದಿಂದ ಒಂದೊಂದು ಅಂಶವನ್ನು ಕಳೆಯುತ್ತದೆ. 2 ಅಂಶಗಳ ಹೊಡೆತವಿರುವ ಹಾಲ್ಬರ್ಡ್ ಬೀಮ್ ಎರಡು ಪದರಗಳ ಮುಂದೆ ಸೊನ್ನೆ. ಅದೇ ಪದರಗಳು ಬರಿದಾದ 4 ಸೆಕೆಂಡುಗಳೊಳಗೆ ಎಳೆದ ಗೆರೆ ನಾಲ್ಕೈದು ಕೋಣೆಗಳನ್ನು ಸುಟ್ಟು ಕಾಳಗವನ್ನೇ ಮುಗಿಸಬಹುದು. ಕ್ಷಿಪಣಿ ಹೊತ್ತ ರಾಕ್ ಜನಾಂಗದ ಹಡಗಿನ ಎದುರು ಮಾತ್ರ ಆಯುಧದ ಕೋಣೆಯನ್ನು ಹಿಡಿಯುವುದು ಸರಿ, ಏಕೆಂದರೆ ಕ್ಷಿಪಣಿಗೆ ನಮ್ಮ ಶೀಲ್ಡ್ ಲೆಕ್ಕಕ್ಕೇ ಇಲ್ಲ.

ಇದರ ಬೀಗಗಳು ಎರಡು. ಜೋಲ್ಟನ್ ಶೀಲ್ಡಿನ ಮಾತು ಆಗಲೇ ಆಯಿತು. ಡಿಫೆನ್ಸ್ ಡ್ರೋನ್ ಇನ್ನೊಂದು, ಮತ್ತು ಇದು ಹೆಚ್ಚು ಕಾಡುವುದು. ಹ್ಯಾಕಿಂಗ್ ಡ್ರೋನ್ ಅಂಟಿಕೊಳ್ಳುವ ಮೊದಲೇ ಉರುಳಿದರೆ ಒಂದು ಡ್ರೋನ್ ಪಾರ್ಟ್ ಹೋದಂತೆ, ಅಂಗಡಿಯಲ್ಲಿ ಅದರ ಬೆಲೆ 8 ಸ್ಕ್ರ್ಯಾಪ್. ಪರಿಹಾರ ತಾಳ್ಮೆಯದು: ಶತ್ರುವಿನ ಡ್ರೋನ್ ಬೇರೊಂದು ಕ್ಷಿಪಣಿಯ ಮೇಲೆ ಗುಂಡು ಹಾರಿಸಿದ ಮರುಕ್ಷಣದಲ್ಲಿ, ಅದು ಮತ್ತೆ ಸಿದ್ಧವಾಗುವ ಮೊದಲು ನಮ್ಮದನ್ನು ಬಿಡಬೇಕು, ಇಲ್ಲವೇ ಮೊದಲು ಅದರ ಡ್ರೋನ್ ಕೋಣೆಯನ್ನು ಲೇಸರ್‌ನಿಂದ ಮುರಿಯಬೇಕು. ಪಾರ್ಟ್‌ಗಳ ದಾಸ್ತಾನು ಐದಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ನಾನು ಪಾಲಿಸುವ ನಿಯಮ.

ಕ್ಲೋಕಿಂಗ್: ಶತ್ರುವಿನ ಅನುಮತಿ ಬೇಡದ ಸಾಧನ

ಕ್ಲೋಕಿಂಗ್ 150 ಸ್ಕ್ರ್ಯಾಪ್, ಐದರಲ್ಲಿ ದುಬಾರಿಯಾದುದರ ಸಾಲಿಗೆ ಸೇರುತ್ತದೆ. ಮೊದಲ ಮಟ್ಟದಲ್ಲಿ 5 ಸೆಕೆಂಡು, 30 ಸ್ಕ್ರ್ಯಾಪ್ ಕೊಟ್ಟು ಏರಿಸಿದ ಎರಡನೆಯ ಮಟ್ಟದಲ್ಲಿ 10, ಮೂರನೆಯದರಲ್ಲಿ 15 ಸೆಕೆಂಡುಗಳ ಕಾಲ ನಮ್ಮ ಹಡಗು ಮರೆಯಾಗುತ್ತದೆ. ಆ ಅವಧಿಯಲ್ಲಿ ತಪ್ಪಿಸಿಕೊಳ್ಳುವ ಸಾಮರ್ಥ್ಯಕ್ಕೆ 60 ಅಂಶ ಕೂಡುತ್ತದೆ, ಶತ್ರುವಿನ ಆಯುಧಗಳು ಚಾರ್ಜ್ ಆಗುವುದು ನಿಲ್ಲುತ್ತದೆ. ಎಂಜಿನ್ ಮತ್ತು ನುರಿತ ಸಿಬ್ಬಂದಿಯಿಂದ ಶೇಕಡಾ 40 ಆಗಲೇ ಇದ್ದರೆ, ಮರೆಯಾದ ಕ್ಷಣದಲ್ಲಿ ಹಾರಿ ಬರುತ್ತಿರುವ ಗುಂಡುಗಳೆಲ್ಲ ತಪ್ಪುತ್ತವೆ ಎಂದೇ ಅರ್ಥ. ಬೀಮ್ ಮಾತ್ರ ಇದಕ್ಕೆ ಹೊರತು, ಅದು ತಪ್ಪಲಾರದು. ಆದರೆ ಅದನ್ನು ಹಾರಿಸುವ ಮೊದಲೇ ಚಾರ್ಜ್ ತಡೆದರೆ ಅದಕ್ಕೂ ಸರದಿ ಬರುವುದಿಲ್ಲ.

ಇದರ ಬಳಕೆಯಲ್ಲಿ ಎಲ್ಲವೂ ನಿಂತಿರುವುದು ಗುಂಡಿ ಒತ್ತುವ ಹೊತ್ತಿನ ಮೇಲೆ. ಕಾಳಗ ಶುರುವಾದೊಡನೆ ಹೆದರಿ ಒತ್ತಿದರೆ ಆ 5 ಸೆಕೆಂಡು ಗಾಳಿಗೆ ಹೋಗುತ್ತವೆ, ಆಮೇಲೆ 20 ಸೆಕೆಂಡುಗಳ ಕಾಲ ವ್ಯವಸ್ಥೆ ಬೀಗ ಹಾಕಿಕೊಂಡು ಕೂರುತ್ತದೆ. ಮಾಡಬೇಕಾದುದು ಇಷ್ಟು: ಶತ್ರು ಹಾರಿಸಿದ ಕ್ಷಿಪಣಿಗಳು ಅದರ ಹಡಗಿನ ಚೌಕಟ್ಟನ್ನು ದಾಟಿ ನಮ್ಮ ಪರದೆಯ ಅಂಚಿನಲ್ಲಿ ಕಾಣಿಸಿಕೊಂಡಾಗ ಸ್ಪೇಸ್‌ಬಾರ್ ಒತ್ತಿ ಆಟವನ್ನು ನಿಲ್ಲಿಸಬೇಕು. ಪರದೆ ಸ್ತಬ್ಧವಾಗುತ್ತದೆ; ಎಡಕ್ಕೆ ನಮ್ಮ ಹಡಗು, ಬಲತುದಿಯಿಂದ ಮೂರು ಪುಟ್ಟ ಕ್ಷಿಪಣಿಗಳು ಬೆಂಕಿಯ ಬಾಲ ಬಿಟ್ಟುಕೊಂಡು ಅರ್ಧ ದಾರಿಯಲ್ಲಿ ನಿಂತಿರುತ್ತವೆ. ಆಗ ಕ್ಲೋಕಿಂಗ್ ಒತ್ತಿ, ಮತ್ತೆ ಸ್ಪೇಸ್‌ಬಾರ್. ಹಡಗು ಮಸುಕಾಗುತ್ತದೆ, ಮೂರೂ ಕ್ಷಿಪಣಿಗಳು ಮೈಯ ಮೇಲಿಂದಲೇ ಹಾದು ಎಡತುದಿಯಲ್ಲಿ ಮರೆಯಾಗುತ್ತವೆ, 'ಮಿಸ್' ಎಂಬ ಸಣ್ಣ ಪದ ಮೂರು ಬಾರಿ ಮೂಡಿ ಆರುತ್ತದೆ. ಇದನ್ನು ಮೊದಲ ಬಾರಿ ಸರಿಯಾಗಿ ಮಾಡಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ನಾವು ಮರೆಯಾಗಿರುವಾಗಲೇ ಗುಂಡು ಹಾರಿಸಿದರೆ ಮರೆಯ ಅವಧಿ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ಹಾಗಾಗಿ ಮರೆಯಾಗುವ ಮೊದಲು ಆಯುಧಗಳ ಸ್ವಯಂಚಾಲಿತ ಹಾರಿಕೆಯನ್ನು ನಿಲ್ಲಿಸಿ, ಹೊರಬಂದ ಕ್ಷಣ ಎಲ್ಲವನ್ನೂ ಒಟ್ಟಿಗೆ ಬಿಡುವುದು ಲಾಭಕರ.

ಪ್ರತಿತಂತ್ರದ ದೃಷ್ಟಿಯಿಂದ ನೋಡಿದರೆ ಕ್ಲೋಕಿಂಗ್‌ನ ಸ್ಥಾನ ವಿಶಿಷ್ಟವಾದುದು. ಉಳಿದವು ಬಹುಮಟ್ಟಿಗೆ ಶತ್ರುವಿನ ಹಡಗನ್ನು ತಲುಪಿ ಕೆಲಸ ಮಾಡಬೇಕು. ಇದು ನಮ್ಮ ಹಡಗಿನ ಮೇಲೆಯೇ ಕೆಲಸ ಮಾಡುತ್ತದೆ. ಜೋಲ್ಟನ್ ಶೀಲ್ಡ್ ಇರಲಿ, ಡಿಫೆನ್ಸ್ ಡ್ರೋನ್ ಇರಲಿ, ಎದುರಿನಲ್ಲಿ ಸಿಬ್ಬಂದಿ ಇರಲಿ ಇಲ್ಲದಿರಲಿ, ಅದಕ್ಕೆ ಯಾವುದೂ ಅಡ್ಡಿಯಲ್ಲ. ಅದನ್ನು ತಡೆಯಲು ಶತ್ರುವಿಗೆ ಇರುವ ದಾರಿ ಎಂದರೆ ಆ ಕೋಣೆಯನ್ನೇ ಒಡೆಯುವುದು, ಅದನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸುವ ಅಯಾನ್ ಆಯುಧದಿಂದ ಹೊಡೆಯುವುದು ಅಥವಾ ಹ್ಯಾಕ್ ಮಾಡುವುದು. ಆ ಕೋಣೆಗೆ ದುರಸ್ತಿ ಮಾಡಬಲ್ಲ ಎಂಜಿ ಜನಾಂಗದ ಒಬ್ಬ ಸಿಬ್ಬಂದಿ ಬೇಗ ತಲುಪುವಂತಿದ್ದರೆ ಈ ಭಯವೂ ಕಡಿಮೆ. ಪೂರ್ತಿ ಪ್ರಯಾಣಕ್ಕೆ ಒಂದೇ ಸಾಧನವನ್ನು ಖಚಿತವಾಗಿ ಇಟ್ಟುಕೊಳ್ಳಬೇಕೆಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಮೊದಲು ಕೊಳ್ಳುವುದು ಇದನ್ನಲ್ಲ, ಅದರ ಕಾರಣ ಮುಂದೆ ಬರುತ್ತದೆ.

ಟೆಲಿಪೋರ್ಟರ್: ಜನಬಲ ಇದ್ದವರಿಗೆ

ಸಿಬ್ಬಂದಿ ಟೆಲಿಪೋರ್ಟರ್‌ನ ಬೆಲೆ 90 ಸ್ಕ್ರ್ಯಾಪ್. ಇದನ್ನು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳುಹಿಸಲು ನಮ್ಮಲ್ಲಿ ಯಾರಿದ್ದಾರೆ? ಒಂದೂವರೆ ಪಟ್ಟು ಹೊಡೆಯುವ ಮ್ಯಾಂಟಿಸ್ ಜನಾಂಗದ ಇಬ್ಬರು ಅಥವಾ ಒಂದೂವರೆ ಪಟ್ಟು ಜೀವ ಇರುವ ರಾಕ್ ಇಬ್ಬರು ಇದ್ದರೆ ಈ ಸಾಧನ ಹಡಗಿನ ಆದಾಯವನ್ನೇ ಹೆಚ್ಚಿಸುತ್ತದೆ, ಏಕೆಂದರೆ ಶತ್ರುಹಡಗನ್ನು ಒಡೆಯದೆ ಸಿಬ್ಬಂದಿಯನ್ನು ಮಾತ್ರ ಮುಗಿಸಿದಾಗ ಸಿಗುವ ಸ್ಕ್ರ್ಯಾಪ್ ಸಾಮಾನ್ಯವಾಗಿ ಹೆಚ್ಚು. ಅರ್ಧ ಬಲದಲ್ಲಿ ಹೊಡೆಯುವ ಎಂಜಿಗಳು, ಜೀವ ಕಡಿಮೆ ಇರುವ ಜೋಲ್ಟನ್‌ಗಳು ಮಾತ್ರ ಇದ್ದರೆ 90 ಸ್ಕ್ರ್ಯಾಪ್ ಬೇರೆ ಕಡೆಗೆ ಹೋಗಲಿ.

ಇದರ ಬೀಗಗಳು ಹಲವು. ಜೋಲ್ಟನ್ ಶೀಲ್ಡ್ ಒಂದು. ಸ್ವಯಂಚಾಲಿತ ಹಡಗಿನಲ್ಲಿ ಗಾಳಿಯಿಲ್ಲದಿರುವುದರಿಂದ, ಆಮ್ಲಜನಕ ಬೇಡದ ಲೇನಿಯಸ್ ಜನಾಂಗದವರನ್ನು ಬಿಟ್ಟು ಬೇರೆ ಯಾರನ್ನೇ ಕಳುಹಿಸಿದರೂ ಉಸಿರುಗಟ್ಟುತ್ತಾರೆ. ಶತ್ರುವಿಗೆ ಮೆಡ್‌ಬೇ ಇದ್ದರೆ ಗಾಯಗೊಂಡವರು ಅಲ್ಲಿಗೆ ಓಡಿ ಹೊಸಬರಾಗಿ ಮರಳುತ್ತಾರೆ. ಎಲ್ಲಕ್ಕಿಂತ ಕ್ರೂರವಾದುದು, ಸೋಲು ಕಂಡ ಶತ್ರು ನಮ್ಮವರನ್ನು ಒಳಗಿಟ್ಟುಕೊಂಡೇ ಬೇರೆಡೆಗೆ ಜಿಗಿದು ಹೋಗುವುದು. ಒಮ್ಮೆ ನಾನು ಹೀಗೆ ಇಬ್ಬರು ನುರಿತ ಮ್ಯಾಂಟಿಸ್‌ಗಳನ್ನು ಕಳೆದುಕೊಂಡೆ. ಮೊದಲ ಮಟ್ಟದ ಟೆಲಿಪೋರ್ಟರ್ ಮರುಸಿದ್ಧವಾಗಲು 20 ಸೆಕೆಂಡು ಬೇಕು, ನನಗೆ ಬೇಕಾಗಿದ್ದುದು ಇನ್ನು ಮೂರು ಸೆಕೆಂಡು. ಅಂದಿನಿಂದ ಯಾರನ್ನಾದರೂ ಕಳುಹಿಸುವ ಮೊದಲು ಶತ್ರುವಿನ ಪೈಲಟ್ ಕೋಣೆಯನ್ನು ಒಡೆದಿಡುವುದು ಅಭ್ಯಾಸವಾಗಿದೆ.

ಹ್ಯಾಕಿಂಗ್ ಜೊತೆ ಸೇರಿದಾಗ ಈ ಬೀಗಗಳಲ್ಲಿ ಎರಡು ತೆರೆದುಕೊಳ್ಳುತ್ತವೆ. ಮೆಡ್‌ಬೇ ಹ್ಯಾಕ್ ಆಗಿದ್ದರೆ ಓಡಿಹೋದವನು ಅಲ್ಲೇ ಸಾಯುತ್ತಾನೆ. ಪೈಲಟಿಂಗ್ ಹ್ಯಾಕ್ ಆಗಿದ್ದರೆ ಪಲಾಯನದ ಚಿಂತೆ ತಗ್ಗುತ್ತದೆ. ಆದರೆ ಜೋಲ್ಟನ್ ಶೀಲ್ಡ್ ಎರಡಕ್ಕೂ ಸಮಾನ ಬೀಗ ಎಂಬುದು ಹಾಗೆಯೇ ಉಳಿಯುತ್ತದೆ.

ಡ್ರೋನ್ ಕಂಟ್ರೋಲ್: ಹಸಿವು ಹೆಚ್ಚು

ಡ್ರೋನ್ ಕಂಟ್ರೋಲ್ ವ್ಯವಸ್ಥೆಯನ್ನು ಬಹುತೇಕರು ದಾಳಿಯ ಸಾಧನವೆಂದು ನೋಡುತ್ತಾರೆ. ನನಗೆ ಅದರ ನಿಜವಾದ ಬೆಲೆ ಕಾಣುವುದು ರಕ್ಷಣೆಯಲ್ಲಿ. 2 ಯೂನಿಟ್ ಶಕ್ತಿ ತಿನ್ನುವ ಮೊದಲ ಮಾದರಿಯ ಡಿಫೆನ್ಸ್ ಡ್ರೋನ್ ಒಂದಿದ್ದರೆ ಶತ್ರುವಿನ ಕ್ಷಿಪಣಿಗಳೂ ಹ್ಯಾಕಿಂಗ್ ಡ್ರೋನೂ ನಮ್ಮನ್ನು ತಲುಪುವುದು ಕಷ್ಟ. ಶೀಲ್ಡನ್ನು ದಾಟಿ ಬರುವ ಹೊಡೆತಗಳೇ ಹಡಗನ್ನು ಮುಳುಗಿಸುವುದು ಎಂಬುದನ್ನು ಗಮನಿಸಿದರೆ ಇದು ಸಣ್ಣ ಲಾಭವಲ್ಲ. ದಾಳಿ ಮಾಡುವ ಕಾಂಬ್ಯಾಟ್ ಡ್ರೋನ್‌ಗಳು ಜೋಲ್ಟನ್ ಶೀಲ್ಡನ್ನು ಕೊರೆಯಲೂ ಒದಗುತ್ತವೆ, ಸ್ವಯಂಚಾಲಿತ ಹಡಗಿನ ಎದುರೂ ನಡೆಯುತ್ತವೆ. ಹೀಗಾಗಿ ಬೀಗಗಳ ಲೆಕ್ಕದಲ್ಲಿ ಇದು ಕ್ಲೋಕಿಂಗ್‌ನ ನಂತರದ ಸ್ಥಾನಕ್ಕೆ ಯೋಗ್ಯ.

ಇದರ ದೋಷ ಶತ್ರುವಿನಿಂದ ಬರುವುದಕ್ಕಿಂತ ನಮ್ಮ ಉಗ್ರಾಣದಿಂದಲೇ ಬರುವುದು ಹೆಚ್ಚು. ಪ್ರತಿ ಕಾಳಗದಲ್ಲಿ ಪ್ರತಿ ಡ್ರೋನಿಗೂ ಒಂದು ಪಾರ್ಟ್ ಬೇಕು, ಡ್ರೋನ್ ರಿಕವರಿ ಆರ್ಮ್ ಇದ್ದರೆ ಮಾತ್ರ ಅದು ಹಿಂದಿರುಗುತ್ತದೆ. ಹ್ಯಾಕಿಂಗ್ ಕೂಡ ಇದೇ ಪಾರ್ಟ್‌ಗಳನ್ನು ತಿನ್ನುತ್ತದೆ. ಎರಡನ್ನೂ ಕೊಂಡು ಆರನೆಯ ವಲಯಕ್ಕೆ ಬರುವಷ್ಟರಲ್ಲಿ ಪಾರ್ಟ್ ಸೊನ್ನೆಯಾದರೆ ಮೂರರಲ್ಲಿ ಎರಡು ಜಾಗಗಳು ಖಾಲಿ ಇದ್ದಂತೆಯೇ. ಅದನ್ನು ಮಾಡಿದ್ದು ಶತ್ರುವಲ್ಲ, ನಾವೇ. ಶಕ್ತಿಯ ಪ್ರಶ್ನೆಯೂ ಇದೆ. ರಿಯಾಕ್ಟರ್ ಅನ್ನು ಎಷ್ಟು ಏರಿಸಿದರೂ 25 ಯೂನಿಟ್‌ಗೆ ನಿಲ್ಲುತ್ತದೆ. ನಾಲ್ಕು ಪದರದ ಶೀಲ್ಡಿಗೇ ಅದರಲ್ಲಿ 8 ಹೋಗುತ್ತದೆ. ಎರಡು ಡ್ರೋನ್‌ಗೆ 4 ಹೋದರೆ ಆಯುಧಕ್ಕೆ ಕೊಡುವುದು ಎಲ್ಲಿಂದ? ಬ್ಯಾಕಪ್ ಬ್ಯಾಟರಿ ಇದಕ್ಕೆ ಅಗ್ಗದ ಉತ್ತರ: 35 ಸ್ಕ್ರ್ಯಾಪ್‌ಗೆ 30 ಸೆಕೆಂಡುಗಳ ಕಾಲ 2 ಯೂನಿಟ್ ಹೆಚ್ಚುವರಿ ಸಿಗುತ್ತದೆ, ಜಾಗದ ಲೆಕ್ಕಕ್ಕೂ ಬರುವುದಿಲ್ಲ.

ಮೈಂಡ್ ಕಂಟ್ರೋಲ್

75 ಸ್ಕ್ರ್ಯಾಪ್. ಮೊದಲ ಮಟ್ಟದಲ್ಲೇ 14 ಸೆಕೆಂಡು ಶತ್ರುವಿನ ಒಬ್ಬ ಸಿಬ್ಬಂದಿ ನಮ್ಮವನಾಗುತ್ತಾನೆ. ಪೈಲಟ್‌ನನ್ನು ಹಿಡಿದರೆ ಹಡಗಿನ ತಪ್ಪಿಸಿಕೊಳ್ಳುವಿಕೆ ಬೀಳುತ್ತದೆ, ನಮ್ಮವರು ಒಳಗೆ ಹೋಗಿ ಕಾದಾಡುತ್ತಿದ್ದರೆ ಲೆಕ್ಕ ನಮ್ಮ ಕಡೆಗೆ ವಾಲುತ್ತದೆ. ಪಾರ್ಟ್ ಖರ್ಚಿಲ್ಲ, ಹಾರಿಹೋಗುವ ಡ್ರೋನಿಲ್ಲ. ಆದರೆ ಬೀಗಗಳನ್ನು ಎಣಿಸಿ: ಜೋಲ್ಟನ್ ಶೀಲ್ಡ್, ಸ್ವಯಂಚಾಲಿತ ಹಡಗು, ಸ್ಲಗ್‌ಗಳು, ಜೊತೆಗೆ ಕೋಣೆ ಕಣ್ಣಿಗೆ ಕಾಣಬೇಕೆಂಬ ನಿಯಮದಿಂದಾಗಿ ನೆಬ್ಯುಲಾ. ಐದರಲ್ಲಿ ಇಷ್ಟು ಸುಲಭವಾಗಿ ಕಟ್ಟಿಹಾಕಬಹುದಾದುದು ಮತ್ತೊಂದಿಲ್ಲ. ಇದರ ಒಂದು ಗುಣ ಮಾತ್ರ ನನಗೆ ಅಮೂಲ್ಯವೆನಿಸುತ್ತದೆ: ನಮ್ಮ ಸಿಬ್ಬಂದಿಯನ್ನು ಶತ್ರು ಹಿಡಿದಾಗ ಅದೇ ಸಾಧನವನ್ನು ನಮ್ಮವನ ಮೇಲೆಯೇ ಪ್ರಯೋಗಿಸಿ ಅವನನ್ನು ಬಿಡಿಸಿಕೊಳ್ಳಬಹುದು.

ಯಾವುದರ ಜೊತೆ ಯಾವುದು

ಹ್ಯಾಕಿಂಗ್, ಟೆಲಿಪೋರ್ಟರ್, ಮೈಂಡ್ ಕಂಟ್ರೋಲ್ ಈ ಮೂರರ ಕೂಟವನ್ನು ಮೊದಲು ನೋಡೋಣ, ಏಕೆಂದರೆ ಅಡ್ವಾನ್ಸ್‌ಡ್ ಎಡಿಷನ್ ಬಂದ ಹೊಸತರಲ್ಲಿ ನಾನು ಇದನ್ನೇ ಅತ್ಯುತ್ತಮ ಎಂದುಕೊಂಡಿದ್ದೆ. ಸಾಮಾನ್ಯ ಹಡಗುಗಳ ಮೇಲೆ ಇದು ಭಯಂಕರ. ಮೆಡ್‌ಬೇ ಹ್ಯಾಕ್ ಮಾಡಿ, ಇಬ್ಬರನ್ನು ಕಳುಹಿಸಿ, ಮೂರನೆಯವನ ಮನಸ್ಸನ್ನು ಹಿಡಿದರೆ ಎದುರಿನ ಸಿಬ್ಬಂದಿ ಅರ್ಧ ನಿಮಿಷದಲ್ಲಿ ಮುಗಿಯುತ್ತಾರೆ. ಆದರೆ ಜೋಲ್ಟನ್ ಹಡಗು ಎದುರಾದೊಡನೆ ಮೂರೂ ಸಾಧನಗಳು ಒಟ್ಟಿಗೆ ಸತ್ತವು, ಹಸಿರು ಕವಚವನ್ನು ಕರಗಿಸುವ ಹೊಣೆ ಪೂರ್ತಿಯಾಗಿ ಎರಡು ದುರ್ಬಲ ಲೇಸರ್‌ಗಳ ಮೇಲೆ ಬಿತ್ತು. ಆಯುಧಕ್ಕೆ ಹೋಗಬೇಕಾದ ಸ್ಕ್ರ್ಯಾಪ್ ಈ ಮೂರಕ್ಕೆ ಹೋಗಿತ್ತಲ್ಲ! ಅಂದು ಗೆದ್ದೆನಾದರೂ ಹಡಗಿನ ಅರ್ಧ ಮೈ ಕಳೆದುಕೊಂಡೆ. ಮುಂದಿನ ವಲಯದಲ್ಲಿ ಎದುರಾದ ಸ್ವಯಂಚಾಲಿತ ಹಡಗು ಉಳಿದುದನ್ನು ಮುಗಿಸಿತು.

ಕ್ಲೋಕಿಂಗ್ ಮತ್ತು ಹ್ಯಾಕಿಂಗ್ ಜೋಡಿಯನ್ನು ನಾನು ಬುನಾದಿಯೆಂದು ಪರಿಗಣಿಸುತ್ತೇನೆ. ಒಂದು ನಮ್ಮ ಹಡಗಿನ ಮೇಲೆ, ಇನ್ನೊಂದು ಶತ್ರುವಿನ ಹಡಗಿನ ಮೇಲೆ ಕೆಲಸ ಮಾಡುತ್ತದೆ. ಒಂದಕ್ಕೆ ಬೀಳುವ ಬೀಗ ಮತ್ತೊಂದಕ್ಕೆ ಬೀಳುವುದಿಲ್ಲ. ಹಸಿರು ಕವಚದಿಂದ ಹ್ಯಾಕಿಂಗ್ ನಿಂತಾಗ ಕ್ಲೋಕಿಂಗ್ ಕಾಲಾವಕಾಶ ಕೊಡುತ್ತದೆ, ಆ ಕಾಲದಲ್ಲಿ ಆಯುಧಗಳು ಕವಚವನ್ನು ಕರಗಿಸುತ್ತವೆ. ಇನ್ನು ಮೂರನೆಯ ಜಾಗ. ಸಿಬ್ಬಂದಿ ಬಲವಾಗಿದ್ದರೆ ಟೆಲಿಪೋರ್ಟರ್, ಪಾರ್ಟ್‌ಗಳು ಹತ್ತು ಹನ್ನೆರಡರ ಮೇಲಿದ್ದು ಡಿಫೆನ್ಸ್ ಡ್ರೋನ್ ಸಿಕ್ಕಿದ್ದರೆ ಡ್ರೋನ್ ಕಂಟ್ರೋಲ್. ಎರಡೂ ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ಅದರ ಸ್ಕ್ರ್ಯಾಪನ್ನು ಆಯುಧ ಮತ್ತು ಶೀಲ್ಡಿಗೆ ಹಾಕಿದರೂ ನಷ್ಟವಿಲ್ಲ. ಜಾಗ ಇದೆ ಎಂಬ ಒಂದೇ ಕಾರಣಕ್ಕೆ ತುಂಬಬೇಕಿಲ್ಲ.

ಅಂಗಡಿಯಲ್ಲಿ ನಮಗೆ ಬೇಕಾದುದೇ ಸಿಗುತ್ತದೆಂಬ ಖಾತರಿ ಇಲ್ಲದಿರುವುದರಿಂದ ಈ ಲೆಕ್ಕ ಎಷ್ಟೋ ಬಾರಿ ಕೈಗೂಡುವುದಿಲ್ಲ ಎಂಬುದು ನಿಜ. ಟೆಲಿಪೋರ್ಟರ್ ಹೊತ್ತೇ ಹೊರಡುವ ಮ್ಯಾಂಟಿಸ್ ಹಡಗಿನಲ್ಲಿ ಅದನ್ನು ಬಿಡುವ ಮಾತೇ ಬರುವುದಿಲ್ಲ. ಅಲ್ಲಿ ಹ್ಯಾಕಿಂಗ್ ಎರಡನೆಯದಾಗುತ್ತದೆ, ಕವಚ ಒಡೆಯಲು ಒಂದು ಒಳ್ಳೆಯ ಲೇಸರ್ ಇರಲೇಬೇಕಾಗುತ್ತದೆ. ಶೀಲ್ಡೇ ಇಲ್ಲದೆ ಕ್ಲೋಕಿಂಗ್ ಮಾತ್ರ ಹೊತ್ತು ಹೊರಡುವ ಸ್ಟೆಲ್ತ್ ಹಡಗಿನಲ್ಲಿ ಮೊದಲ ಚಿಂತೆ ಶೀಲ್ಡಿನದೇ ಹೊರತು ಹೊಸ ಸಾಧನದ್ದಲ್ಲ.

ಕೊಳ್ಳುವ ಕ್ರಮ

ಆಟದ ಮೊದಲ ಹಡಗಾದ ಕೆಸ್ಟ್ರೆಲ್‌ನಲ್ಲಿ ಹೊರಟಿದ್ದೇವೆ ಎಂದುಕೊಳ್ಳೋಣ. 2 ಯೂನಿಟ್ ಶಕ್ತಿಯಲ್ಲಿ 3 ಗುಂಡು ಹಾರಿಸುವ ಬರ್ಸ್ಟ್ ಲೇಸರ್ ಎರಡನೆಯ ಮಾದರಿ ಅದರಲ್ಲಿ ಮೊದಲೇ ಇರುವುದರಿಂದ ದಾಳಿಯ ಚಿಂತೆ ತಕ್ಷಣಕ್ಕಿಲ್ಲ. ಮೊದಲ 50 ಸ್ಕ್ರ್ಯಾಪ್ ಶೀಲ್ಡಿನ ಎರಡನೆಯ ಪದರಕ್ಕೆ ಹೋಗಬೇಕು, ಅದರ ಮುಂದೆ ಯಾವ ವಿಶೇಷ ಸಾಧನವೂ ನಿಲ್ಲುವುದಿಲ್ಲ. ಆ ಬಳಿಕ ಸಿಗುವ ಮೊದಲ ಅಂಗಡಿಯಲ್ಲಿ ಹ್ಯಾಕಿಂಗ್ ಇದ್ದರೆ ಕೊಳ್ಳಬೇಕು. ಕ್ಲೋಕಿಂಗ್‌ಗಿಂತ ಅದನ್ನು ಮುಂದಿಡುವ ಕಾರಣ ಬೆಲೆ. 150 ಸ್ಕ್ರ್ಯಾಪ್ ಕೂಡಿಸಲು ಎರಡನೆಯ ಮೂರನೆಯ ವಲಯಗಳಲ್ಲಿ ಬೇರೆಲ್ಲವನ್ನೂ ತಡೆಹಿಡಿಯಬೇಕಾಗುತ್ತದೆ, ಆ ಹೊತ್ತಿನ ಶತ್ರುಗಳ ಹೊಡೆತ ಅಷ್ಟು ದೊಡ್ಡದೂ ಅಲ್ಲ. ಹ್ಯಾಕಿಂಗ್ ಬೇಗ ಬಂದಷ್ಟೂ ಕಾಳಗಗಳು ಬೇಗ ಮುಗಿದು, ದುರಸ್ತಿಯ ಖರ್ಚು ಉಳಿದು, ಆ ಉಳಿತಾಯವೇ ಐದನೆಯ ಅಥವಾ ಆರನೆಯ ವಲಯದಲ್ಲಿ ಕ್ಲೋಕಿಂಗ್ ಆಗಿ ಬರುತ್ತದೆ.

ಎರಡೂ ಬಂದ ಮೇಲೆ ಮಟ್ಟ ಏರಿಸುವ ಪ್ರಶ್ನೆ. ಹ್ಯಾಕಿಂಗ್‌ನ ಎರಡನೆಯ ಮಟ್ಟ 35 ಸ್ಕ್ರ್ಯಾಪ್‌ಗೆ 4 ಸೆಕೆಂಡನ್ನು 7 ಮಾಡುತ್ತದೆ, ಇದು ಮೊದಲು. ಕ್ಲೋಕಿಂಗ್‌ನ ಎರಡನೆಯ ಮಟ್ಟ ಕೊನೆಯ ವಲಯದೊಳಗೆ ಆದರೆ ಸಾಕು. ಮೂರನೆಯ ಮಟ್ಟಗಳು ಸ್ಕ್ರ್ಯಾಪ್ ಮಿಕ್ಕಾಗ ಮಾತ್ರ.

ಫ್ಲ್ಯಾಗ್‌ಶಿಪ್‌ನ ಎದುರು

ಮೇಲಿನ ಎಲ್ಲ ತೂಕವೂ ಕೊನೆಗೆ ಇಲ್ಲಿ ಪರೀಕ್ಷೆಗೆ ಬರುತ್ತದೆ. ಈ ಹಡಗು ಒಂದೊಂದು ಹಂತದಲ್ಲಿ ಒಂದೊಂದು ಬೀಗ ಹೊತ್ತು ಬರುತ್ತದೆ. ಮೊದಲ ಹಂತದಲ್ಲಿ ನಾಲ್ಕು ಪದರದ ಶೀಲ್ಡ್, ಕ್ಲೋಕಿಂಗ್, ಹ್ಯಾಕಿಂಗ್ ಇವೆ. ಇಲ್ಲಿ ಡಿಫೆನ್ಸ್ ಡ್ರೋನ್ ಇದ್ದವರು ಅದರ ಹ್ಯಾಕಿಂಗ್ ಡ್ರೋನನ್ನೂ, ಒಂದೇ ಬಾರಿಗೆ ಮೂರರಂತೆ ಬರುವ ಕ್ಷಿಪಣಿಗಳಲ್ಲಿ ಕೆಲವನ್ನಾದರೂ ತಡೆಯುತ್ತಾರೆ. ನಮ್ಮ ಹ್ಯಾಕಿಂಗ್ ಅನ್ನು ಶೀಲ್ಡಿಗೆ ಇಡಬೇಕು. ನಾಲ್ಕು ಪದರಗಳನ್ನು ಬರೀ ಲೇಸರ್‌ನಿಂದ ಇಳಿಸುತ್ತ ಕೂತರೆ ಹೊತ್ತು ಮೀರುತ್ತದೆ.

ಟೆಲಿಪೋರ್ಟರ್ ಇದ್ದವರಿಗೆ ಇಲ್ಲೊಂದು ದೊಡ್ಡ ಅವಕಾಶವಿದೆ. ಸುಲಭ ಮತ್ತು ಸಾಮಾನ್ಯ ಮಟ್ಟಗಳಲ್ಲಿ ಫ್ಲ್ಯಾಗ್‌ಶಿಪ್‌ನ ನಾಲ್ಕು ಆಯುಧದ ಕೋಣೆಗಳು ಮುಖ್ಯ ಹಡಗಿಗೆ ಸೇರಿಕೊಂಡಿಲ್ಲ, ಪ್ರತಿ ಕೋಣೆಯಲ್ಲಿ ಒಬ್ಬನೇ ಸಿಬ್ಬಂದಿ ಇರುತ್ತಾನೆ. ಕ್ಷಿಪಣಿಯ ಕೋಣೆಗೆ ಇಬ್ಬರನ್ನು ಕಳುಹಿಸಿ ಅವನನ್ನು ಮುಗಿಸಿ ಆಯುಧವನ್ನು ಒಡೆದರೆ, ದುರಸ್ತಿಗೆ ಬೇರೆ ಯಾರೂ ಅಲ್ಲಿಗೆ ಬರಲಾರರು. ಆದರೆ ಉತ್ಸಾಹದಲ್ಲಿ ಇಡೀ ಹಡಗಿನ ಸಿಬ್ಬಂದಿಯನ್ನು ಮುಗಿಸಬಾರದು. ಕೊನೆಯವನು ಸತ್ತೊಡನೆ ಹಡಗು ಸ್ವಯಂಚಾಲಿತವಾಗಿ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳತೊಡಗುತ್ತದೆ. ಒಬ್ಬನನ್ನು ಎಲ್ಲಾದರೂ ಒಂಟಿ ಕೋಣೆಯಲ್ಲಿ ಬದುಕಿಸಿಟ್ಟರೆ ಮುಂದಿನ ಹಂತಗಳೂ ಹಗುರಾಗುತ್ತವೆ, ಏಕೆಂದರೆ ಸತ್ತವರು ಮುಂದಿನ ಹಂತಕ್ಕೆ ಮರಳುವುದಿಲ್ಲ.

ಎರಡನೆಯ ಹಂತದಲ್ಲಿ ನಿಗದಿತ ಅಂತರದಲ್ಲಿ ಡ್ರೋನ್‌ಗಳ ಹಿಂಡು ಏಕಕಾಲಕ್ಕೆ ಮುತ್ತುತ್ತದೆ. ಈ ಶಕ್ತಿಸ್ಫೋಟದ ಎಚ್ಚರಿಕೆ ಪರದೆಯ ಮೇಲೆ ಬಂದಾಗ ಕ್ಲೋಕಿಂಗ್ ಸಿದ್ಧವಾಗಿರಬೇಕು, ಅಂದರೆ ಅದಕ್ಕಿಂತ ಮೊದಲಿನ 20 ಸೆಕೆಂಡುಗಳಲ್ಲಿ ಸಣ್ಣಪುಟ್ಟ ಹೊಡೆತಕ್ಕೆಲ್ಲ ಅದನ್ನು ಒತ್ತಿರಬಾರದು. ಈ ಹಂತದಲ್ಲಿ ನಾನು ಸೋತ ಆಟಗಳನ್ನು ನೆನೆದರೆ, ಬಹುತೇಕ ಎಲ್ಲದರಲ್ಲೂ ಕ್ಲೋಕಿಂಗ್ ಇಲ್ಲದಿರುವುದಲ್ಲ, ಇದ್ದೂ ಅದು ಆಗಷ್ಟೇ ಖರ್ಚಾಗಿದ್ದುದೇ ಕಾರಣ.

ಮೂರನೆಯ ಹಂತ ಜೋಲ್ಟನ್ ಶೀಲ್ಡ್ ಹೊತ್ತು ಬರುತ್ತದೆ, ಜೊತೆಗೆ ಮೈಂಡ್ ಕಂಟ್ರೋಲ್, ಒಳನುಗ್ಗುವ ಸಿಬ್ಬಂದಿ, ಆಗಾಗ ಸುರಿಯುವ ಲೇಸರ್‌ಗಳ ಮಳೆ. ಕವಚ ಇರುವಷ್ಟು ಹೊತ್ತು ಹ್ಯಾಕಿಂಗ್ ಡ್ರೋನ್ ಬಿಡದೆ ಪಾರ್ಟ್ ಉಳಿಸಿಕೊಳ್ಳಬೇಕು, ಆಯುಧಗಳನ್ನು ಸಿದ್ಧವಾದಂತೆ ಒಂದೊಂದಾಗಿ ಹಾರಿಸಿ ಕವಚವನ್ನು ಕರಗಿಸಬೇಕು, ಲೇಸರ್ ಮಳೆಗೆ ಮಾತ್ರ ಕ್ಲೋಕಿಂಗ್ ಒತ್ತಬೇಕು. ನಮ್ಮ ಪೈಲಟ್‌ನ ಮನಸ್ಸು ಶತ್ರುವಿನ ವಶವಾದರೆ ಆ ಹೊತ್ತಿನ ಕ್ಲೋಕಿಂಗ್ ಕೂಡ ಪೂರ್ಣ ರಕ್ಷಣೆ ಕೊಡದು, ಆದ್ದರಿಂದ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡಿರಬೇಕು. ಹಸಿರು ಗೆರೆ ಅಳಿದ ಕ್ಷಣ ಆಟವನ್ನು ನಿಲ್ಲಿಸಿ, ಹ್ಯಾಕಿಂಗ್ ಡ್ರೋನನ್ನು ಶೀಲ್ಡ್ ಕೋಣೆಗೆ ಬಿಟ್ಟು, ಆಯುಧಗಳ ಹಾರಿಕೆಯನ್ನು ತಡೆಹಿಡಿದು, ಡ್ರೋನ್ ಅಂಟಿಕೊಂಡ ಮೇಲೆ ಎಲ್ಲವನ್ನೂ ಒಂದೇ ಬಾರಿಗೆ ಬಿಡಬೇಕು.